ಗೆರೆಯಾಗಿ ಓಡುತ್ತಿದ್ದ ಬೆಳಕು: ವೆಕ್ಟರ್ ಆಟಗಳ ಪರದೆಯನ್ನು ಮತ್ತೆ ಕಟ್ಟುವ ಬಗ್ಗೆ

ಬೆಳಗಿನ ಹೊತ್ತು ಅಂಗಳದಲ್ಲಿ ರಂಗೋಲಿ ಹಾಕುವವರ ಕೈಯನ್ನು ನೀವೆಲ್ಲರೂ ನೋಡಿದ್ದೀರಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಪುಡಿ ಒಂದೇ ಸಮನೆ ಉದುರುತ್ತಿರುತ್ತದೆ. ಕೈ ಬೇಗ ಓಡಿದಲ್ಲಿ ಎಳೆ ತೆಳುವಾಗುತ್ತದೆ, ನಿಧಾನವಾದಲ್ಲಿ ದಪ್ಪವಾಗುತ್ತದೆ, ತಿರುವಿನಲ್ಲಿ ಕೈ ಒಂದು ಕ್ಷಣ ತಡೆದರೆ ಅಲ್ಲಿ ಪುಡಿ ಗುಡ್ಡೆ ಬೀಳುತ್ತದೆ. ನಾನು ಇಂದು ಮಾತನಾಡಲಿರುವ ಹಳೆಯ ವಿಡಿಯೋ ಆಟದ ಯಂತ್ರಗಳು ಪುಡಿಯ ಬದಲು ಬೆಳಕನ್ನು ಹಿಡಿದು ಇದೇ ಕೆಲಸವನ್ನು ಸೆಕೆಂಡಿಗೆ ಸುಮಾರು ಅರವತ್ತು ಸಲ ಮಾಡುತ್ತಿದ್ದವು. ಆ ಬೆಳಕಿನ ಎಳೆಯನ್ನು ಇಂದಿನ ಕಂಪ್ಯೂಟರಿನಲ್ಲಿ ಮತ್ತೆ ತೋರಿಸಲು ಹೊರಟಾಗ ಏನು ಕೈಗೆ ಸಿಗುತ್ತದೆ, ಏನು ಜಾರಿಹೋಗುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ನಮ್ಮ ಮನೆಗಳಲ್ಲಿದ್ದ ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬಿನಲ್ಲಿಯೂ ಚಿತ್ರ ಬಿಡಿಸುತ್ತಿದ್ದುದು ಎಲೆಕ್ಟ್ರಾನ್ ಕಿರಣವೇ. ಆದರೆ ಆ ಕಿರಣಕ್ಕೆ ಗೊತ್ತುಪಡಿಸಿದ ಒಂದೇ ದಾರಿ ಇತ್ತು. ಮಗ್ಗದ ಲಾಳಿಯ ಹಾಗೆ ಅದು ಎಡದಿಂದ ಬಲಕ್ಕೆ ಓಡಿ, ಹಿಂದಿರುಗಿ, ಮತ್ತೊಂದು ಗೆರೆಗೆ ಇಳಿಯುತ್ತಿತ್ತು. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, ಅಂದರೆ ಸೆಕೆಂಡಿಗೆ 15,625 ಸಲ ಆ ಅಡ್ಡ ಓಟ ನಡೆಯುತ್ತಿತ್ತು. ತೋರಿಸಬೇಕಾದದ್ದು ಒಂದೇ ಒಂದು ಚುಕ್ಕಿಯಾಗಿದ್ದರೂ ಕಿರಣ ಇಡೀ ಪರದೆಯನ್ನು ಉತ್ತು ಬರಲೇಬೇಕಿತ್ತು. ಇದಕ್ಕೆ ರಾಸ್ಟರ್ ಪದ್ಧತಿ ಎಂದು ಹೆಸರು.

ವೆಕ್ಟರ್ ಪರದೆಯಲ್ಲಿ ಇಂಥ ನಿಗದಿತ ದಾರಿ ಇಲ್ಲ. ಅಡ್ಡಕ್ಕೆ ಎಷ್ಟು ಹೋಗಬೇಕು, ಮೇಲಕ್ಕೆ ಎಷ್ಟು ಹೋಗಬೇಕು, ಎಷ್ಟು ಹೊಳೆಯಬೇಕು ಎಂಬ ಮೂರು ಸಂಕೇತಗಳನ್ನು ಕೊಟ್ಟರೆ ಕಿರಣ ನೇರವಾಗಿ ಅಲ್ಲಿಗೆ ಹೋಗುತ್ತದೆ. ಏನೂ ಇಲ್ಲದ ಜಾಗಕ್ಕೆ ಅದು ಹೋಗುವುದೇ ಇಲ್ಲ. ಇಂಜಿನಿಯರಿಂಗ್ ಓದಿದವರು ಪ್ರಯೋಗಾಲಯದಲ್ಲಿ ಸಿ.ಆರ್.ಓ.ದ, ಅಂದರೆ ವಿದ್ಯುತ್ ಅಲೆಗಳನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿನ, ಗುಂಡಿಯನ್ನು ಎಕ್ಸ್-ವೈ ಕಡೆಗೆ ತಿರುಗಿಸಿ, ಎರಡು ಸೈನ್ ಅಲೆಗಳನ್ನು ಕೊಟ್ಟು, ಲಿಸ್ಸಾಜೂ ಆಕೃತಿಗಳನ್ನು ನೋಡಿ ರೆಕಾರ್ಡ್ ಪುಸ್ತಕದಲ್ಲಿ ಬರೆದಿರುತ್ತೀರಿ. ಅಂದು ನೀವು ನೋಡಿದ್ದು ವೆಕ್ಟರ್ ಪರದೆಯನ್ನೇ.

ಆಟಕ್ಕೂ ಆಸಿಲೋಸ್ಕೋಪಿಗೂ ಇರುವ ನಂಟು ಬಹಳ ಹಳೆಯದು. 1958ರಲ್ಲಿ ನ್ಯೂಯಾರ್ಕಿನ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ಸಂದರ್ಶಕರ ದಿನಕ್ಕೆ ಬರುವ ಜನರಿಗಾಗಿ, ಅನಲಾಗ್ ಕಂಪ್ಯೂಟರಿಗೆ ಆಸಿಲೋಸ್ಕೋಪ್ ಜೋಡಿಸಿ ಟೆನಿಸ್ ಆಟವೊಂದನ್ನು ಮಾಡಿದ್ದರು. 1962ರಲ್ಲಿ ಎಂ.ಐ.ಟಿ.ಯ ಪಿಡಿಪಿ-1 ಕಂಪ್ಯೂಟರಿನಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಬರೆದ ಸ್ಪೇಸ್‌ವಾರ್ ಬಂತು. ಅದರ ಪರದೆ ಗೆರೆ ಎಳೆಯುತ್ತಿರಲಿಲ್ಲ, ಬೇಕಾದ ಕಡೆ ಚುಕ್ಕಿ ಇಡುತ್ತಿತ್ತು. ಅದೇ ಆಟದ ಕಲ್ಪನೆಯನ್ನು ಲ್ಯಾರಿ ರೋಸೆಂತಾಲ್ ನಾಣ್ಯ ಹಾಕಿ ಆಡುವ ಯಂತ್ರಕ್ಕೆ ತಂದರು. ಸಿನೆಮಾಟ್ರಾನಿಕ್ಸ್ ಕಂಪನಿ 1977ರಲ್ಲಿ ಅದನ್ನು ಸ್ಪೇಸ್ ವಾರ್ಸ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಎರಡು ವರ್ಷಗಳ ನಂತರ ಅಟಾರಿಯ ಲೂನಾರ್ ಲ್ಯಾಂಡರ್ ಬಂತು, 1979ರ ಕೊನೆಗೆ, ತೇಲಿ ಬರುವ ಬಂಡೆಗಳನ್ನು ನೌಕೆಯಿಂದ ಗುಂಡು ಹಾರಿಸಿ ಒಡೆಯುವ ಅಸ್ಟರಾಯ್ಡ್ಸ್ ಬಂತು. ಇನ್ನು ಮುಂದೆ ನಾನು ಹೆಚ್ಚಾಗಿ ಈ ಅಸ್ಟರಾಯ್ಡ್ಸ್ ಆಟವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ, ಏಕೆಂದರೆ ವೆಕ್ಟರ್ ಪರದೆಯ ಗುಣವೆಲ್ಲ ಅದರಲ್ಲಿ ಬಿಚ್ಚಿಟ್ಟ ಹಾಗಿದೆ.

ಆ ಕಾಲದ ಇಂಜಿನಿಯರುಗಳು ಈ ದಾರಿ ಹಿಡಿದದ್ದೇಕೆ ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ಅಸ್ಟರಾಯ್ಡ್ಸ್‌ನಲ್ಲಿ ಒಂದು ಬಿಂದುವಿನ ಸ್ಥಾನವನ್ನು 10 ಬಿಟ್‌ಗಳಲ್ಲಿ ಹೇಳುತ್ತಾರೆ, ಅಂದರೆ ಅಡ್ಡಕ್ಕೆ 1024 ಸ್ಥಾನಗಳು. ಪರದೆಯ ಆಕಾರಕ್ಕೆ ತಕ್ಕಂತೆ ಎತ್ತರವನ್ನು 768 ಎಂದಿಟ್ಟುಕೊಂಡು, ಪ್ರತಿ ಬಿಂದುವಿಗೂ ಕಪ್ಪೋ ಬಿಳಿಯೋ ಎಂಬ ಒಂದೇ ಬಿಟ್ ಕೊಟ್ಟರೂ 98,304 ಬೈಟ್, ಅಂದರೆ 96 ಕಿಲೋಬೈಟ್ ನೆನಪು ಬೇಕಾಗುತ್ತದೆ. 1979ರಲ್ಲಿ ಒಂದು ಆಟದ ಪೆಟ್ಟಿಗೆಯೊಳಗೆ ಅಷ್ಟು ಮೆಮೊರಿ ಇಡುವುದು ಯಾರ ಕೈಗೂ ನಿಲುಕದ ಮಾತು. ಅಸ್ಟರಾಯ್ಡ್ಸ್ ಇದನ್ನು ಬರೆದು ಅಳಿಸಬಹುದಾದ 2 ಕಿಲೋಬೈಟ್ ರ‍್ಯಾಮ್ ಮತ್ತು ಅಳಿಸಲಾಗದ ಶಾಶ್ವತ ಮೆಮೊರಿಯಾದ 2 ಕಿಲೋಬೈಟ್ ರಾಮ್‌ನಲ್ಲಿ (ROM) ಮುಗಿಸಿತು. ಅಲ್ಲಿ ಚಿತ್ರ ಇರಲಿಲ್ಲ, ಚಿತ್ರ ಬಿಡಿಸುವ ಆಜ್ಞೆಗಳು ಇದ್ದವು.

ಆ ಆಜ್ಞೆಗಳ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1.5 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್ ಆಟದ ಲೆಕ್ಕಾಚಾರ ಮಾಡಿ ಒಂದು ಪಟ್ಟಿ ಬರೆಯುತ್ತದೆ: ಇಂಥ ಕಡೆಗೆ ಹೋಗು, ಇಷ್ಟು ಗಾತ್ರ ಇಟ್ಟುಕೋ, ಮೂರನೆಯ ಬಂಡೆಯ ಆಕಾರವನ್ನು ಬಿಡಿಸು, ಹಿಂದಿರುಗು. ಬಂಡೆಗಳ ಆಕಾರ ನಾಲ್ಕೇ ನಾಲ್ಕು, ಅವು ರಾಮ್‌ನಲ್ಲಿ ಶಾಶ್ವತವಾಗಿ ಕುಳಿತಿವೆ. ದೊಡ್ಡ, ನಡು, ಸಣ್ಣ ಬಂಡೆಗಳೆಲ್ಲ ಗಾತ್ರ ಬದಲಾಯಿಸಿದ ಅವೇ ಆಕಾರಗಳು. ಡಿಜಿಟಲ್ ವೆಕ್ಟರ್ ಜನರೇಟರ್ ಎಂಬ ಪ್ರತ್ಯೇಕ ಸರ್ಕ್ಯೂಟ್ ಈ ಪಟ್ಟಿಯನ್ನು ಓದುತ್ತಾ ಕಿರಣವನ್ನು ನಡೆಸುತ್ತದೆ. ರ‍್ಯಾಮ್ ಅನ್ನು ಎರಡು ಭಾಗ ಮಾಡಿಟ್ಟಿದ್ದಾರೆ: ಒಂದು ಭಾಗವನ್ನು ಜನರೇಟರ್ ಬಿಡಿಸುತ್ತಿರುವಾಗ ಪ್ರೊಸೆಸರ್ ಇನ್ನೊಂದರಲ್ಲಿ ಮುಂದಿನ ಚಿತ್ರದ ಪಟ್ಟಿ ಬರೆಯುತ್ತದೆ. ಎಡ್ ಲಾಗ್ ಬರೆದ ಪ್ರೋಗ್ರಾಮಿನಲ್ಲಿಯೂ ಹೊವಾರ್ಡ್ ಡೆಲ್ಮನ್ ಕೆಲಸ ಮಾಡಿದ ಸರ್ಕ್ಯೂಟಿನಲ್ಲಿಯೂ ನನಗೆ ಕಾಣುವ ಮಿತವ್ಯಯ ಈ ಕಾಲದವರಾದ ನಾವು ಕುಳಿತು ಓದಿ ಕಲಿಯಬೇಕಾದಂಥದ್ದು.

ಈಗ ಆ ಆಟದಲ್ಲಿ ನಿಮ್ಮ ನೌಕೆ ಹಾರಿಸುವ ಗುಂಡಿನ ಬಗ್ಗೆ ಹೇಳಬೇಕು. ನಿಜವಾದ ಯಂತ್ರದ ಮುಂದೆ ನಿಂತು ಆಡಿದವರನ್ನು ಕೇಳಿದರೆ ಅವರು ಮೊದಲು ನೆನೆಯುವುದು ಇದನ್ನೇ. ಬಂಡೆಗಳ ಗೆರೆಗಳು ಮಂದವಾಗಿ, ತಣ್ಣಗೆ ಕಾಣುತ್ತಿರುತ್ತವೆ. ಗುಂಡು ಮಾತ್ರ ಕಣ್ಣು ಕುಕ್ಕುವ ಹಾಗೆ, ಗಾಜಿನ ಹಿಂದೆ ಯಾರೋ ಬೆಂಕಿಯ ಕಿಡಿ ಇಟ್ಟ ಹಾಗೆ ಉರಿಯುತ್ತಾ ಸಾಗುತ್ತದೆ. ಪಟ್ಟಿಯಲ್ಲಿ ಅದಕ್ಕಿರುವ ಆಜ್ಞೆಯನ್ನು ನೋಡಿದರೆ ಅದು ಉದ್ದ ಸೊನ್ನೆ ಇರುವ, ಹೊಳಪು ಗರಿಷ್ಠ ಇರುವ ಒಂದು ಗೆರೆ. ಗೆರೆ ಎಳೆಯಲು ಬೇಕಾದ ಸಮಯದಷ್ಟು ಕಾಲ ಕಿರಣ ಉರಿಯುತ್ತಲೇ ಇರುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ರಂಗೋಲಿ ಹಾಕುವ ಕೈ ನಿಂತಲ್ಲಿ ಪುಡಿ ಗುಡ್ಡೆಯಾದ ಹಾಗೆ, ಒಂದು ಉದ್ದ ಗೆರೆಯ ಮೇಲೆ ಹರಡಿಹೋಗಬೇಕಿದ್ದ ಶಕ್ತಿಯೆಲ್ಲ, ಗಾಜಿನ ಒಳಮೈಗೆ ಬಳಿದ, ಕಿರಣ ತಾಗಿದಾಗ ಹೊಳೆಯುವ ಫಾಸ್ಫರಿನ ಒಂದೇ ಬಿಂದುವಿನ ಮೇಲೆ ಸುರಿಯುತ್ತದೆ.

ಇದನ್ನೇ ನಾವು ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರದಂತೆ ನಡೆದುಕೊಳ್ಳುವ ಪ್ರೋಗ್ರಾಮಿನಲ್ಲಿ, ನೋಡಿದರೆ ಏನಾಗುತ್ತದೆ? ನಿಕೋಲಾ ಸಾಲ್ಮೋರಿಯಾ ಅವರು 1997ರ ಫೆಬ್ರವರಿಯಲ್ಲಿ ಮೊದಲ ಆವೃತ್ತಿ ಬಿಟ್ಟ ಮೇಮ್, ಇಂಥ ಸಾವಿರಾರು ಯಂತ್ರಗಳ ಮೂಲ ಪ್ರೋಗ್ರಾಮನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುತ್ತದೆ. ಅದರ ಕೆಲಸದ ನಿಖರತೆಯ ಬಗ್ಗೆ ನನಗೆ ಅಪಾರ ಗೌರವವಿದೆ. 6502ರ ಒಂದೊಂದು ಆಜ್ಞೆಯೂ ಅಲ್ಲಿ ನಡೆಯುತ್ತದೆ, ವೆಕ್ಟರ್ ಜನರೇಟರಿನ ಪಟ್ಟಿಯೂ ಅಂದು ಹೇಗೆ ಓದಲ್ಪಡುತ್ತಿತ್ತೋ ಹಾಗೆಯೇ ಓದಲ್ಪಡುತ್ತದೆ. ಪ್ರಶ್ನೆ ಹುಟ್ಟುವುದು ಆಮೇಲೆ. ಪಟ್ಟಿಯಿಂದ ಸಿಕ್ಕ ಗೆರೆಗಳನ್ನು ಪಿಕ್ಸೆಲ್‌ಗಳ ಮೇಲೆ ಹಾಕಬೇಕು, ಪಿಕ್ಸೆಲ್‌ಗೆ ಸಮಯ ಎಂಬುದು ಗೊತ್ತಿಲ್ಲ. ಉದ್ದ ಗೆರೆಯ ಪಿಕ್ಸೆಲ್ ಎಷ್ಟು ಬಿಳಿಯೋ ಗುಂಡಿನ ಪಿಕ್ಸೆಲ್ ಕೂಡ ಹೆಚ್ಚೆಂದರೆ ಅಷ್ಟೇ ಬಿಳಿ, ಏಕೆಂದರೆ ಪಿಕ್ಸೆಲ್‌ನ ಹೊಳಪನ್ನು 0ಯಿಂದ 255ರ ವರೆಗಿನ ಸಂಖ್ಯೆಯಲ್ಲಿ ಹೇಳುತ್ತಾರೆ, 255ರ ಮೇಲೆ ಸಂಖ್ಯೆ ಇಲ್ಲ. ಹಾಗಾಗಿ ಸಾಧಾರಣವಾದ ಒಂದು ಮಾನಿಟರಿನಲ್ಲಿ ಅಸ್ಟರಾಯ್ಡ್ಸ್ ಆಡಿದಾಗ ಗುಂಡು ಒಂದು ಧೂಳಿನ ಕಣದಂತೆ ಕಾಣುತ್ತದೆ. ಆಟದಲ್ಲಿ ಅತಿ ಹೆಚ್ಚು ಹೊಳೆಯಬೇಕಾದ ವಸ್ತುವೇ ಅತಿ ಕಡಿಮೆ ಎದ್ದು ಕಾಣುವ ವಸ್ತುವಾಗಿಬಿಡುತ್ತದೆ. ಆಜ್ಞೆಗಳನ್ನು ತಪ್ಪಿಲ್ಲದೆ ನಡೆಸಿದ ಮಾತ್ರಕ್ಕೆ ಯಂತ್ರವನ್ನು ಮರಳಿ ತಂದ ಹಾಗಾಗುವುದಿಲ್ಲ ಎಂದು ನಾನು ಹೇಳುವುದಕ್ಕೆ ಈ ಒಂದು ಗುಂಡೇ ಆಧಾರ.

ಹಾಗಾದರೆ ಪಿಕ್ಸೆಲ್‌ಗಳಲ್ಲಿಯೇ ಈ ಬೆಳಕನ್ನು ಎಷ್ಟು ಹತ್ತಿರಕ್ಕೆ ತರಬಹುದು? ಸಾಕಷ್ಟು ಹತ್ತಿರಕ್ಕೆ ತರಬಹುದು, ಆದರೆ ಗೆರೆಯನ್ನು ಗೆರೆ ಎಂದು ಭಾವಿಸುವುದನ್ನು ಬಿಡಬೇಕು. ಕಿರಣ ಪರದೆಗೆ ತಾಗುವ ಜಾಗ ಒಂದು ಮೃದುವಾದ ಮಚ್ಚೆ, ನಡುವೆ ಹೆಚ್ಚು ಹೊಳಪು, ಅಂಚಿನ ಕಡೆಗೆ ಇಳಿಯುತ್ತಾ ಹೋಗುವ ಹೊಳಪು. ಆ ಮಚ್ಚೆ ಗೆರೆಯ ಉದ್ದಕ್ಕೂ ಯಾವ ವೇಗದಲ್ಲಿ ಜಾರಿತು ಎಂಬುದರ ಮೇಲೆ ಪ್ರತಿ ಜಾಗದಲ್ಲಿ ಬಿದ್ದ ಬೆಳಕನ್ನು ಲೆಕ್ಕ ಹಾಕಬೇಕು. ಹೀಗೆ ಮಾಡಿದರೆ ಗೆರೆಯ ತುದಿಗಳಲ್ಲಿ, ಮೂಲೆಗಳಲ್ಲಿ, ಕಿರಣ ತಡೆದು ತಿರುಗಿದ ಕಡೆ, ತಾನಾಗಿಯೇ ಸಣ್ಣ ಹೊಳೆಯುವ ಬಿಂದುಗಳು ಮೂಡುತ್ತವೆ. ಹಳೆಯ ಪರದೆಯ ಫೋಟೋಗಳಲ್ಲಿ ಕಾಣುವ ಆ ಬಿಂದುಗಳನ್ನು ಅನೇಕರು ಬೇರೆಯಾಗಿ ಅಂಟಿಸಲು ಹೋಗುತ್ತಾರೆ. ವೇಗದ ಲೆಕ್ಕ ಸರಿಯಿದ್ದರೆ ಅದರ ಅಗತ್ಯ ಬೀಳುವುದಿಲ್ಲ.

ಇನ್ನೊಂದು ತಪ್ಪು ಗೆರೆಗಳು ಒಂದರ ಮೇಲೊಂದು ಹಾಯುವಲ್ಲಿ ಆಗುತ್ತದೆ. ಎರಡು ಗೆರೆ ಕೂಡಿದಲ್ಲಿ ಬೆಳಕು ಬೆಳಕಿಗೆ ಸೇರಬೇಕು. ಆದರೆ ಕಂಪ್ಯೂಟರ್ ಪಿಕ್ಸೆಲ್‌ನ ಸಂಖ್ಯೆ ಬೆಳಕಿನ ನೇರ ಅಳತೆಯಲ್ಲ: 255ರಲ್ಲಿ ಅರ್ಧವಾದ 128 ಎಂದು ಬರೆದರೆ ಪರದೆ ಕೊಡುವುದು ಪೂರ್ಣ ಬೆಳಕಿನ ಸುಮಾರು ಶೇಕಡಾ 22 ಮಾತ್ರ. ಈ ಸಂಖ್ಯೆಗಳನ್ನು ಹಾಗೆಯೇ ಕೂಡಿಸಿದರೆ ಉತ್ತರ ತಪ್ಪು. ಮೊದಲು ನಿಜವಾದ ಬೆಳಕಿನ ಅಳತೆಗೆ ಬದಲಾಯಿಸಿ, ಅಲ್ಲಿ ಕೂಡಿಸಿ, ಕೊನೆಯಲ್ಲಿ ಪರದೆಯ ಅಳತೆಗೆ ಹಿಂದಿರುಗಬೇಕು. ಇದು ಗ್ರಾಫಿಕ್ಸ್ ಬಲ್ಲವರಿಗೆ ಹಳೆಯ ಪಾಠ, ಆದರೂ ಮರೆತವರೇ ಹೆಚ್ಚು.

ಪರದೆಗಳೂ ಈಗ ನಮ್ಮ ನೆರವಿಗೆ ಬಂದಿವೆ. 3840ಕ್ಕೆ 2160ರ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ, ಓರೆಗೆರೆಯ ಮೆಟ್ಟಿಲುಗಳು ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಎಲ್ಇಡಿ ಪರದೆಯಲ್ಲಿ ಉರಿಯದ ಪಿಕ್ಸೆಲ್ ನಿಜವಾಗಿಯೂ ಕಪ್ಪು, ಕಿರಣ ಹೋಗದ ಗಾಜು ಕಪ್ಪಾಗಿದ್ದ ಹಾಗೆ. ಎಚ್‌ಡಿಆರ್ ಎಂಬ ತಂತ್ರ ಬಂದ ಮೇಲೆ ಸಣ್ಣ ಜಾಗವೊಂದನ್ನು ಉಳಿದ ಚಿತ್ರಕ್ಕಿಂತ ಹಲವು ಪಟ್ಟು ಹೊಳೆಯಿಸುವ ಅನುಕೂಲ ಸಿಕ್ಕಿದೆ, ಗುಂಡಿಗೆ ಬೇಕಾಗಿದ್ದದ್ದೇ ಅದು. ಸಾಮಾನ್ಯ ಗೆರೆಗಳನ್ನು ಪರದೆಯ ಶಕ್ತಿಯ ಒಂದು ಸಣ್ಣ ಪಾಲಿನಲ್ಲಿ ಇರಿಸಿ, ಮೇಲಿನ ಪಾಲನ್ನೆಲ್ಲ ಗುಂಡಿಗಾಗಿ ಕಾದಿರಿಸುವ ಧೈರ್ಯ ಮಾಡಬೇಕು. ಒಟ್ಟು ಚಿತ್ರ ಮಂದವಾಗಿ ಕಾಣುತ್ತದೆಂದು ಹೆದರಿ ಎಲ್ಲವನ್ನೂ ಏರಿಸಿದರೆ ಮತ್ತೆ ಧೂಳಿನ ಕಣವೇ ಉಳಿಯುತ್ತದೆ.

ಇಲ್ಲಿ ನನ್ನದೊಂದು ಆಕ್ಷೇಪವನ್ನೂ ಹೇಳಿಬಿಡುತ್ತೇನೆ. ಇತ್ತೀಚೆಗೆ ವೆಕ್ಟರ್ ಆಟ ಎಂದರೆ ಸುತ್ತಲೂ ಮಂಜಿನಂತೆ ಹೊಗೆಯಾಡುವ ನಿಯಾನ್ ಗೆರೆ ಎಂಬ ಕಲ್ಪನೆ ಬೆಳೆದಿದೆ. ಸರಿಯಾಗಿ ಹೊಂದಿಸಿದ ನಿಜವಾದ ಟ್ಯೂಬಿನಲ್ಲಿ ಗೆರೆ ಸೂಜಿಯಿಂದ ಗೀಚಿದಷ್ಟು ತೆಳು, ಚೂಪು. ಪ್ರಭೆ ಕಾಣುವುದು ಅತಿ ಹೊಳೆಯುವ ಬಿಂದುಗಳ ಸುತ್ತ ಮಾತ್ರ, ಅದೂ ಬೆಳಕು ದಪ್ಪ ಗಾಜಿನೊಳಗೆ ಚೆದುರುವುದರಿಂದ. ಎಲ್ಲ ಗೆರೆಗೂ ಸಮನಾಗಿ ಪ್ರಭೆ ಬಳಿದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ.

ಚಲನೆಯ ವಿಷಯವೂ ಇದೆ. ಹಳೆಯ ಪರದೆಯಲ್ಲಿ ಗೆರೆಗಳು ಒಂದಾದ ಮೇಲೊಂದು ಮಿಂಚಿ ಆರುತ್ತವೆ. ಇಂದಿನ ಪರದೆ 60 ಹರ್ಟ್ಸ್‌ನಲ್ಲಿ ಇಡೀ ಚಿತ್ರವನ್ನು ಒಮ್ಮೆಗೇ ತೋರಿಸಿ ಸುಮಾರು 16.7 ಮಿಲಿಸೆಕೆಂಡ್ ಹಾಗೆಯೇ ಹಿಡಿದಿಡುತ್ತದೆ. ನಮ್ಮ ಕಣ್ಣು ನೌಕೆಯ ಹಿಂದೆ ಸರಿಯುತ್ತಿರುವಾಗ ಚಿತ್ರ ನಿಂತೇ ಇರುವುದರಿಂದ ಗೆರೆ ಅಲುಗಿದಂತೆ ಮಸುಕಾಗುತ್ತದೆ. 240 ಹರ್ಟ್ಸ್ ಪರದೆಯಿದ್ದರೆ ಆಟದ ಒಂದು ಚಿತ್ರವನ್ನು ನಾಲ್ಕು ತುಣುಕು ಮಾಡಿ, ಆಯಾ ಕಾಲಾವಧಿಯಲ್ಲಿ ಕಿರಣ ಎಳೆದ ಗೆರೆಗಳನ್ನು ಮಾತ್ರ ಆಯಾ ತುಣುಕಿನಲ್ಲಿ ತೋರಿಸಬಹುದು. ಮಸುಕು ಕಡಿಮೆಯಾಗುತ್ತದೆ, ಪ್ರತಿ ಗೆರೆಗೂ ಕಾಲು ಭಾಗದ ಸಮಯವಷ್ಟೇ ಸಿಗುವುದರಿಂದ ಹೊಳಪೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಎಚ್‌ಡಿಆರ್‌ನ ಮೇಲುಶಕ್ತಿ ಇಲ್ಲಿಯೂ ಬೇಕು.

ಎಲ್ಲ ವೆಕ್ಟರ್ ಯಂತ್ರಗಳೂ ಅಸ್ಟರಾಯ್ಡ್ಸ್‌ನಷ್ಟು ಶಿಸ್ತಿನವಲ್ಲ. 1982ರಲ್ಲಿ ಅಮೆರಿಕದಲ್ಲಿ ಮನೆಬಳಕೆಗೆಂದು ಬಂದ ವೆಕ್ಟ್ರೆಕ್ಸ್ ಎಂಬ ಪೆಟ್ಟಿಗೆಯಲ್ಲಿ 9 ಇಂಚಿನ ಕಪ್ಪು-ಬಿಳುಪು ಟ್ಯೂಬ್ ಇತ್ತು, ಬಣ್ಣಕ್ಕಾಗಿ ಪರದೆಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಬೇಕಿತ್ತು. ಅದರಲ್ಲಿ ಗೆರೆಯನ್ನು ಅಸ್ಟರಾಯ್ಡ್ಸ್‌ನಂತೆ ಡಿಜಿಟಲ್ ಎಣಿಕೆಯಿಂದ ಎಳೆಯುವುದಿಲ್ಲ. ಕೆಪಾಸಿಟರ್ ಒಂದಕ್ಕೆ ವಿದ್ಯುತ್ ತುಂಬುತ್ತಾ ಹೋದಂತೆ ಕಿರಣ ಸರಿಯುತ್ತದೆ, ತುಂಬುವುದನ್ನು ಎಷ್ಟು ಹೊತ್ತಿಗೆ ನಿಲ್ಲಿಸಿದಿರೋ ಅಷ್ಟು ಉದ್ದದ ಗೆರೆ. ಇಂಥ ಸರ್ಕ್ಯೂಟ್ ಬಿಟ್ಟ ಹಾಗೆ ಬಿಟ್ಟರೆ ನಿಧಾನವಾಗಿ ಜಾರುತ್ತದೆ; ಆದ್ದರಿಂದ ಪ್ರೋಗ್ರಾಂ ಆಗಾಗ ಕಿರಣವನ್ನು ನಡುವಿಗೆ ಎಳೆದು ತಂದು ಲೆಕ್ಕವನ್ನು ಸೊನ್ನೆಯಿಂದ ಶುರುಮಾಡಬೇಕು. ಹಾಗಿದ್ದರೂ ಚೌಕದ ನಾಲ್ಕನೆಯ ಮೂಲೆ ಮೊದಲನೆಯದಕ್ಕೆ ಕೂದಲೆಳೆಯಷ್ಟು ಕೂಡದೆ ಉಳಿಯುವುದು ಸಾಮಾನ್ಯ. ಎಮ್ಯುಲೇಟರ್ ಈ ನಡುಕವನ್ನೂ ತೋರಿಸಬೇಕೇ ಎಂದು ನನ್ನನ್ನು ಕೇಳಿದವರಿದ್ದಾರೆ. ಆಟ ಮಾಡಿದವರು ಬೇಕೆಂದೇ ಬಳಸಿದ ಗುಣವನ್ನು, ಗುಂಡಿನ ಹೊಳಪಿನಂಥದ್ದನ್ನು, ಬಿಡಬಾರದು. ಅವರು ತಪ್ಪಿಸಲು ಹೆಣಗಿದ ದೋಷವನ್ನು ತೋರಿಸುವುದು ನೋಡುಗರ ಆಯ್ಕೆಗೆ ಬಿಟ್ಟದ್ದಾಗಿರಬೇಕು ಎಂಬುದು ನನ್ನ ನಿಲುವು.

ಇನ್ನು ಎರಡನೆಯ ದಾರಿಗೆ ಬರುತ್ತೇನೆ: ಪಿಕ್ಸೆಲ್‌ಗಳನ್ನು ಬಿಟ್ಟು, ಎಮ್ಯುಲೇಟರಿನಿಂದ ಸಿಕ್ಕ ಪಟ್ಟಿಯನ್ನು ನಿಜವಾದ ಟ್ಯೂಬಿಗೇ ಕೊಡುವುದು. ಇದಕ್ಕೆ ಅತಿ ಅಗ್ಗದ ಸಾಧನ ನಿಮ್ಮ ಕಂಪ್ಯೂಟರಿನ ಸೌಂಡ್ ಕಾರ್ಡ್. ಅದರ ಎಡ ಚಾನೆಲ್ ಅನ್ನು ಸಿ.ಆರ್.ಓ.ದ ಎಕ್ಸ್‌ಗೆ, ಬಲ ಚಾನೆಲ್ ಅನ್ನು ವೈಗೆ ಜೋಡಿಸಿದರೆ ಚಿತ್ರ ಮೂಡುತ್ತದೆ. ಕೆಲವು ವರ್ಷಗಳ ಹಿಂದೆ ಹಳೆಯ 20 ಮೆಗಾಹರ್ಟ್ಸ್ ಸಿ.ಆರ್.ಓ. ಒಂದನ್ನು ಕೊಂಡು ನಾನು ಇದನ್ನೇ ಮಾಡಿದೆ. ತ್ರಿಕೋನದ ನೌಕೆ ಪರದೆಯ ನಡುವೆ ಹಸಿರಾಗಿ ಮೂಡಿದಾಗ ಆದ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ನೌಕೆಯನ್ನು ಮೇಲಿನ ಮೂಲೆಗೆ ಒಯ್ದು ನಿಲ್ಲಿಸಿದೆ. ಅದು ಅಲ್ಲಿ ನಿಲ್ಲದೆ, ಯಾರೋ ದಾರ ಕಟ್ಟಿ ಎಳೆದ ಹಾಗೆ, ನಿಧಾನವಾಗಿ ನಡುವಿಗೆ ಜಾರಿ ಬಂತು. ಎರಡು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ. ಸೌಂಡ್ ಕಾರ್ಡಿನ ಔಟ್‌ಪುಟ್‌ನಲ್ಲಿ ಸ್ಪೀಕರಿನ ರಕ್ಷಣೆಗಾಗಿ ಒಂದು ಕೆಪಾಸಿಟರ್ ಕೂತಿರುತ್ತದೆ, ಅದು ಬದಲಾಗದ ವೋಲ್ಟೇಜನ್ನು ತಡೆಯುತ್ತದೆ. ಕಿವಿಗೆ ಸ್ಥಿರ ವೋಲ್ಟೇಜಿನಿಂದ ಏನೂ ಪ್ರಯೋಜನವಿಲ್ಲ. ಚಿತ್ರಕ್ಕೆ ಮಾತ್ರ, ಮೂಲೆಯಲ್ಲಿ ಸುಮ್ಮನೆ ಇರುವುದೆಂದರೆ ಸ್ಥಿರ ವೋಲ್ಟೇಜೇ. ಆ ಕೆಪಾಸಿಟರ್ ಇಲ್ಲದ ಔಟ್‌ಪುಟ್ ಬಳಸಿದ ಮೇಲೆ ನೌಕೆ ಇಟ್ಟಲ್ಲಿ ನಿಂತಿತು.

ಸೌಂಡ್ ಕಾರ್ಡಿಗೆ ಇನ್ನೂ ಮಿತಿಗಳಿವೆ. ಅದು ಸೆಕೆಂಡಿಗೆ ಕೊಡುವ ವೋಲ್ಟೇಜ್ ಅಳತೆಗಳು, ಅಂದರೆ ಸ್ಯಾಂಪಲ್‌ಗಳು, 48,000 ಎಂದರೆ, ಸೆಕೆಂಡಿಗೆ 60 ಚಿತ್ರವಾದಾಗ, ಒಂದು ಚಿತ್ರಕ್ಕೆ 800 ಬಿಂದುಗಳು ಮಾತ್ರ. 1,92,000ಕ್ಕೆ ಏರಿಸಿದರೆ 3,200. ಅದರೊಳಗಿನ ಫಿಲ್ಟರ್ ಶಬ್ದವನ್ನು ನಯಗೊಳಿಸಲು ಇರುವಂಥದ್ದು, ಹಾಗಾಗಿ ಚೂಪಾದ ಮೂಲೆಗಳು ಸುರುಳಿ ಸುತ್ತಿಕೊಳ್ಳುತ್ತವೆ. ಹೊಳಪನ್ನು ಹಿಡಿತದಲ್ಲಿಡಲು ಮೂರನೆಯ ಚಾನೆಲ್ ಇಲ್ಲವಾದ್ದರಿಂದ ಒಂದು ಬಂಡೆಯಿಂದ ಇನ್ನೊಂದಕ್ಕೆ ಕಿರಣ ಹಾರುವ ದಾರಿಯೂ ಮಂದವಾಗಿ ಕಾಣುತ್ತದೆ. ಇವುಗಳಿಂದ ಬಿಡಿಸಿಕೊಳ್ಳಲು ಮೈಕ್ರೋಕಂಟ್ರೋಲರ್ ಜೊತೆಗೆ 12 ಬಿಟ್‌ನ ಡಿಜಿಟಲ್-ಅನಲಾಗ್ ಪರಿವರ್ತಕಗಳನ್ನು ಕೂಡಿಸಿದ ಸಣ್ಣ ಬೋರ್ಡ್ ಸಾಕು. ಒಂದೊಂದು ಅಕ್ಷಕ್ಕೆ 4,096 ಸ್ಥಾನ ಸಿಗುತ್ತದೆ, ಹೊಳಪಿಗೆ ಬೇರೆ ತಂತಿಯೂ ಸಿಗುತ್ತದೆ. ಝೆಕ್ಟರ್ ಎಂಬ ಸಂಸ್ಥೆ ಹಳೆಯ ಕಂಪ್ಯೂಟರುಗಳ ಪ್ಯಾರಲಲ್ ಪೋರ್ಟಿಗೆ ಜೋಡಿಸುವ ಇಂಥ ಬೋರ್ಡನ್ನು ಹಿಂದೆಯೇ ಮಾಡಿತ್ತು. ಈಗ ಯುಎಸ್‌ಬಿಗೆ ಜೋಡಿಸುವಂಥವು ಬಂದಿವೆ. ಹಳೆಯ ಆಟದ ಪೆಟ್ಟಿಗೆಯ ಮಾನಿಟರ್ ಇಟ್ಟುಕೊಂಡವರು ಒಂದೇ ಮಾನಿಟರಿನಲ್ಲಿ ಬೇರೆ ಬೇರೆ ಕಂಪನಿಗಳ ವೆಕ್ಟರ್ ಆಟಗಳನ್ನು ಆಡುವುದು ಇದರಿಂದ ಸಾಧ್ಯವಾಗಿದೆ.

ಆದರೆ ಆ ಮಾನಿಟರುಗಳನ್ನು ಮುಟ್ಟುವ ಮುನ್ನ ಅವುಗಳ ಕಷ್ಟ ತಿಳಿದಿರಬೇಕು. ಸಿ.ಆರ್.ಓ.ದಲ್ಲಿ ಕಿರಣವನ್ನು ಬಾಗಿಸುವುದು ಎರಡು ತಗಡುಗಳ ನಡುವಿನ ವೋಲ್ಟೇಜ್. ಆಟದ ಪೆಟ್ಟಿಗೆಯ 19 ಇಂಚಿನ ಟ್ಯೂಬಿನಲ್ಲಿ ಆ ಕೆಲಸ ಮಾಡುವುದು ತಂತಿಸುರುಳಿಗಳ ಕಾಂತಕ್ಷೇತ್ರ. ಸುರುಳಿಯಲ್ಲಿನ ವಿದ್ಯುತ್ ಪ್ರವಾಹ ಥಟ್ಟನೆ ಬದಲಾಗಲು ಒಪ್ಪುವುದಿಲ್ಲ, ಬೇಗ ಬದಲಿಸಬೇಕಾದರೆ ಹೆಚ್ಚು ವೋಲ್ಟೇಜಿನಿಂದ ನೂಕಬೇಕು. ಟಿ.ವಿ.ಯಲ್ಲಿ ಕಿರಣದ ಓಟ ಲಯಬದ್ಧವಾದದ್ದು, ಅದಕ್ಕೆ ಹೊಂದುವ ಸರ್ಕ್ಯೂಟ್ ಸುಲಭ. ಇಲ್ಲಿ ಕಿರಣ ಯಾವಾಗ ಎತ್ತ ಹಾರುತ್ತದೆಯೋ ಗೊತ್ತಿಲ್ಲ, ಆದ್ದರಿಂದ ಟ್ರಾನ್ಸಿಸ್ಟರುಗಳು ಸದಾ ಕಾದು ಕುದಿಯುತ್ತಿರುತ್ತವೆ. 1981ರಲ್ಲಿ ಡೇವ್ ಥ್ಯೂರರ್ ಅವರ ಟೆಂಪೆಸ್ಟ್ ಜೊತೆಗೆ ಅಟಾರಿಯ ಬಣ್ಣದ ವೆಕ್ಟರ್ ಪರದೆ ಬಂತು. ಮೂರು ಕಿರಣಗಳನ್ನು ಹೀಗೆ ಕುಣಿಸುವ ಆ ಮಾನಿಟರುಗಳು ಕೆಟ್ಟುಹೋಗುವುದಕ್ಕೆ ಹೆಸರುವಾಸಿಯಾದವು. ಕಿರಣ ಓಡದೆ ಒಂದೇ ಕಡೆ ನಿಂತರೆ ಫಾಸ್ಫರ್ ಸುಟ್ಟು ಶಾಶ್ವತ ಕಲೆ ಉಳಿಯುತ್ತದೆ. ಅದನ್ನು ತಡೆಯಲು ಸ್ಪಾಟ್ ಕಿಲ್ಲರ್ ಎಂಬ ಸರ್ಕ್ಯೂಟ್ ಇರುತ್ತದೆ: ಚಲನೆ ನಿಂತಿತೆಂದು ತಿಳಿದ ಕೂಡಲೇ ಅದು ಕಿರಣವನ್ನು ಆರಿಸುತ್ತದೆ. ನೀವು ಬರೆದ ಪ್ರೋಗ್ರಾಂ ನಡುವೆ ಸಿಕ್ಕಿಹಾಕಿಕೊಂಡರೂ ಟ್ಯೂಬ್ ಉಳಿಯುವುದು ಇದರಿಂದ. ಯಾರಾದರೂ ಇದನ್ನು ತೆಗೆದುಹಾಕಿದ್ದಾರೆಯೇ ಎಂದು ನೋಡದೆ ಹಳೆಯ ಮಾನಿಟರಿಗೆ ವಿದ್ಯುತ್ ಕೊಡಬೇಡಿ.

ಟ್ಯೂಬ್ ಸಿಗದವರು ಲೇಸರ್ ಬಳಸುವುದೂ ಉಂಟು. ಎರಡು ಪುಟ್ಟ ಕನ್ನಡಿಗಳು ಲೇಸರ್ ಕಿರಣವನ್ನು ಗೋಡೆಯ ಮೇಲೆ ಓಡಿಸುತ್ತವೆ. ಸೆಕೆಂಡಿಗೆ 30,000 ಬಿಂದುಗಳ ಕನ್ನಡಿಯಿದ್ದರೆ ಸೆಕೆಂಡಿಗೆ 30 ಚಿತ್ರದಂತೆ ಒಂದಕ್ಕೆ ಸಾವಿರ ಬಿಂದು. ಕನ್ನಡಿಗೆ ತೂಕವಿದೆ, ಅದೂ ಸುರುಳಿಯ ಹಾಗೆಯೇ ಥಟ್ಟನೆ ತಿರುಗಲಾರದು. ಆದ್ದರಿಂದ ಗೆರೆಗಳ ಕ್ರಮವನ್ನು ಬದಲಿಸಿ ಖಾಲಿ ಹಾರಾಟವನ್ನು ಕಡಿಮೆ ಮಾಡಬೇಕು. ಅಸ್ಟರಾಯ್ಡ್ಸ್‌ನ ತುಂಬಿದ ಪರದೆಗೆ ಅದು ಸಾಲುವುದಿಲ್ಲ, ಹತ್ತಿಪ್ಪತ್ತು ಗೆರೆಗಳ ಆಟಕ್ಕೆ ಚೆನ್ನಾಗಿದೆ.

ಮೇಜಿನ ಮೇಲೆ ಎರಡು ಪರದೆಗಳನ್ನು ಇಟ್ಟಿದ್ದೇನೆ. ಎಡಕ್ಕಿರುವುದು ಓಎಲ್ಇಡಿ, ಬಲಕ್ಕಿರುವುದು ನಾನು ಹೇಳಿದ ಅದೇ ಸಿ.ಆರ್.ಓ., ಎರಡಕ್ಕೂ ಒಂದೇ ಎಮ್ಯುಲೇಟರಿನ ಒಂದೇ ಪಟ್ಟಿ ಹೋಗುತ್ತಿದೆ. ಹೊಳಪನ್ನು ಸಾಧ್ಯವಾದಷ್ಟು ಸಮಮಾಡಿದ್ದೇನೆ, ಸಿ.ಆರ್.ಓ.ದ ಫಾಸ್ಫರ್ ಹಸಿರು, ಅಸ್ಟರಾಯ್ಡ್ಸ್‌ನದು ನೀಲಿ ಛಾಯೆಯ ಬಿಳುಪು, ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಈಗ ಸಭಾಂಗಣದ ದೀಪಗಳನ್ನು ಆರಿಸುತ್ತಾರೆ. ಹಿಂದಿನ ಸಾಲಿನವರು ದಯವಿಟ್ಟು ಹತ್ತಿರ ಬನ್ನಿ, ಕಣ್ಣು ಕತ್ತಲೆಗೆ ಒಗ್ಗಲು ಒಂದೆರಡು ನಿಮಿಷ ಕೊಡಿ. ಬಂಡೆಗಳನ್ನು ನೋಡುವುದು ಬೇಡ, ನಾನು ನೌಕೆಯನ್ನು ಮೂಲೆಯಲ್ಲಿ ನಿಲ್ಲಿಸಿ ಗುಂಡು ಹಾರಿಸುತ್ತೇನೆ; ಆ ಗುಂಡನ್ನು ಮಾತ್ರ, ಮೊದಲು ಎಡಗಡೆ, ಆಮೇಲೆ ಬಲಗಡೆ ನೋಡಿ.